ಹಾಸ್ಟೆಲ್ ಗೆಳೆಯರ ಗುಂಪಿನಲ್ಲಿ ನನ್ನದೊಂದೇ ಸುದ್ದಿ ಇಲ್ಲ

ಪ್ರಶ್ನೆ: ನನಗೆ 64 ವರ್ಷ. ರಾಜ್ಯ ಸರ್ಕಾರದ ಎಂಜಿನಿಯರಿಂಗ್ ಇಲಾಖೆಯೊಂದರಲ್ಲಿದ್ದು 60ಕ್ಕೆ ನಿವೃತ್ತನಾದೆ. ಹತ್ತನೇ ವಯಸ್ಸಿಗೆ ಉತ್ತರ ಕರ್ನಾಟಕದ ಒಂದು ವಸತಿ ಶಾಲೆಗೆ ಸೇರಿ ಏಳು ವರ್ಷ ಅಲ್ಲೇ ಬೆಳೆದವನು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ಸುದ್ದಿ. ಒಬ್ಬ ಕರ್ನಲ್ ಆಗಿ ನಿವೃತ್ತನಾದವನು, ಇನ್ನೊಬ್ಬ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಒಬ್ಬನ ಮಗ ನ್ಯೂಜೆರ್ಸಿಯಲ್ಲಿ, ಮತ್ತೊಬ್ಬ ಹೆಂಡತಿ ಜೊತೆ ಸ್ವಿಟ್ಜರ್ಲೆಂಡ್ ನೋಡಿ ಬಂದ. ನನ್ನ ಹೆಂಡತಿಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಆಯಿತು. ಬಲಗೈ, ಬಲಗಾಲಿಗೆ ಶಕ್ತಿ ಇಲ್ಲ, ಮಾತು ತಡವರಿಸುತ್ತದೆ. ಮಗಳು ಮದುವೆ ಮುರಿದುಕೊಂಡು ಮಗನ ಜೊತೆ ನಮ್ಮಲ್ಲೇ ಇದ್ದಾಳೆ. ಗುಂಪಿನಲ್ಲಿ ಇದನ್ನೆಲ್ಲ ಯಾರಿಗೂ ಹೇಳಿಲ್ಲ. ಹುಟ್ಟುಹಬ್ಬಕ್ಕೆ ಶುಭಾಶಯ ಹಾಕಿ ಸುಮ್ಮನಿರುತ್ತೇನೆ. ಶಾಲೆಯಲ್ಲಿದ್ದಾಗ ಭಾನುವಾರ ಮನೆಗೆ ಕಾಗದ ಬರೆಯಬೇಕಿತ್ತು, ಆಗಲೂ ನನಗೆ ಏನು ಬರೆಯಬೇಕೋ ತೋಚುತ್ತಿರಲಿಲ್ಲ. ಈ ಡಿಸೆಂಬರಿನಲ್ಲಿ ಎಲ್ಲರೂ ಶಾಲೆಯಲ್ಲಿ ಕೂಡಿ, ಅಲ್ಲಿಂದ ಬಾದಾಮಿ, ಪಟ್ಟದಕಲ್ಲು, ಹಂಪಿಗೆ ಹೋಗುವುದೆಂದು ಗೊತ್ತಾಗಿದೆ. ಮೂರು ದಿನ, ತಲೆಗೆ ಹದಿನೆಂಟು ಸಾವಿರ. ಹೋಗಲೋ ಬೇಡವೋ? ಹೋದರೆ ಏನು ಹೇಳಲಿ? ಇನ್ನೊಂದು ಮಾತು. ಆಗ ಹಾಸ್ಟೆಲಿನಲ್ಲಿ ನನ್ನನ್ನು ವರ್ಷಗಟ್ಟಲೆ ಗೋಳು ಹೊಯ್ದುಕೊಂಡ ಒಬ್ಬ ಇದ್ದಾನೆ. ಅವನೂ ಬರುತ್ತಾನೆ. ಈಗ ಗುಂಪಿನಲ್ಲಿ ಅವನದೇ ಜಾಸ್ತಿ ಪ್ರೀತಿಯ ಮಾತು. ಅವನ ಮುಖ ನೋಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಆ ಭಾನುವಾರದ ಕಾಗದದ ಸಾಲನ್ನು ನೀವು ನಡುವೆ ಎಲ್ಲೋ ಸೇರಿಸಿದ್ದೀರಿ. ನನಗೆ ಅಲ್ಲೇ ನಿಮ್ಮ ಪ್ರಶ್ನೆಯ ಬೇರು ಕಾಣಿಸಿತು. ಅದರಿಂದಲೇ ಶುರು ಮಾಡುತ್ತೇನೆ.

ಅನೇಕ ವಸತಿ ಶಾಲೆಗಳಲ್ಲಿ ವಾರಕ್ಕೊಂದು ಕಾಗದ ಕಡ್ಡಾಯವಾಗಿತ್ತು. ಅಂಚೆಗೆ ಹೋಗುವ ಮೊದಲು ಮೇಷ್ಟ್ರು ಕಣ್ಣಾಡಿಸುವುದೂ ಇತ್ತು. ಹತ್ತು ವರ್ಷದ ಹುಡುಗ ಅದರಲ್ಲಿ ಏನು ಬರೆಯಬಲ್ಲ? 'ನಾನು ಕ್ಷೇಮ. ಚೆನ್ನಾಗಿ ಓದುತ್ತಿದ್ದೇನೆ. ಕಬಡ್ಡಿಯಲ್ಲಿ ನಮ್ಮ ತಂಡ ಗೆದ್ದಿತು.' ರಾತ್ರಿ ಅತ್ತಿದ್ದು, ಜ್ವರದಲ್ಲಿ ಒಬ್ಬನೇ ಮಲಗಿದ್ದು, ಊಟ ಸೇರದೆ ಬಿಟ್ಟಿದ್ದು ಯಾವುದೂ ಬರುವುದಿಲ್ಲ. ಬರೆದರೆ ಮೇಷ್ಟ್ರು ಏನೆನ್ನುತ್ತಾರೋ ಎಂಬ ಭಯ, ಮನೆಯಲ್ಲಿ ಅವ್ವ ಎಷ್ಟು ನೊಂದುಕೊಳ್ಳುತ್ತಾಳೋ ಎಂಬ ಸಂಕಟ. ಹೀಗೆ ಏಳು ವರ್ಷ ಬರೆದ ಮಕ್ಕಳಿಗೆ ಒಳ್ಳೆಯ ಸುದ್ದಿ ಮಾತ್ರ ಸುದ್ದಿ ಎನ್ನುವುದು ಮೈಗೂಡಿಬಿಡುತ್ತದೆ. ಒಳ್ಳೆಯದು ಇದ್ದವನು ಬರೆಯುತ್ತಾನೆ, ಇಲ್ಲದವನು ಸುಮ್ಮನಾಗುತ್ತಾನೆ. ನಿಮ್ಮ ಗೆಳೆಯರ ಸ್ವಿಟ್ಜರ್ಲೆಂಡ್ ಫೋಟೋ, ನಿಮ್ಮ ಮೂರು ವರ್ಷದ ಮೌನ, ಎರಡೂ ಒಂದೇ ಅಭ್ಯಾಸದಿಂದ ಬಂದವು ಎಂದು ನನಗನಿಸುತ್ತದೆ. ನಿಮ್ಮ ಗುಂಪಿನಲ್ಲಿ ಎಲ್ಲರೂ ಇನ್ನೂ ಭಾನುವಾರದ ಕಾಗದವನ್ನೇ ಬರೆಯುತ್ತಿದ್ದೀರಿ.

ಇದು ನಿಮ್ಮ ಶಾಲೆಯೊಂದರ ಕಥೆ ಅಲ್ಲ. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ವಸತಿ ಶಾಲೆ ಸೇರಿದವರ ಮನಸ್ಸನ್ನು ಬಹಳ ಕಾಲ ನೋಡಿದ ಬ್ರಿಟನ್ನಿನ ಮನೋಚಿಕಿತ್ಸಕಿ ಜಾಯ್ ಶಾವೇರಿಯನ್ 2011ರಲ್ಲಿ ಇದಕ್ಕೆ 'ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್' ಎಂಬ ಹೆಸರನ್ನೇ ಕೊಟ್ಟರು. ಹೊರಗೆ ಗಟ್ಟಿ, ಶಿಸ್ತು, ಸಮರ್ಥ. ಒಳಗಿನ ನೋವನ್ನು ಹತ್ತಿರದವರಿಗೂ ಹೇಳಲು ಬಾರದು. ಅದು ರೋಗದ ಹೆಸರಲ್ಲ, ಮತ್ತೆ ಮತ್ತೆ ಕಂಡ ಒಂದು ಸ್ವಭಾವದ ಹೆಸರು. ಎಲ್ಲರಿಗೂ ಹೀಗಾಗುತ್ತದೆ ಎಂದೂ ಇಲ್ಲ. ವಸತಿ ಶಾಲೆಯಿಂದಲೇ ಬದುಕು ಕಂಡೆ ಎನ್ನುವವರು ನಮ್ಮಲ್ಲಿ ಸಾವಿರಾರು ಜನ ಇದ್ದಾರೆ, ಅವರು ಹೇಳುವುದೂ ನಿಜ. ಮೈಸೂರಿನ ರಾಮಕೃಷ್ಣ ವಿದ್ಯಾಶಾಲೆ ಶುರುವಾದದ್ದು 1953ರಲ್ಲಿ, ವಿಜಯಪುರದ ಸೈನಿಕ ಶಾಲೆ 1963ರಲ್ಲಿ. ಇಂಥ ಕಡೆ ಮೊದಮೊದಲು ಓದಿದವರೆಲ್ಲ ಈಗ ಎಪ್ಪತ್ತು ದಾಟಿದ್ದಾರೆ. 1980ರ ದಶಕದ ಕೊನೆಗೆ ನವೋದಯ ಶಾಲೆ ಸೇರಿದ ಹಳ್ಳಿ ಮಕ್ಕಳೂ ಐವತ್ತರ ಆಸುಪಾಸಿಗೆ ಬಂದರು. ನಿಮ್ಮಂಥ ಪತ್ರ ಇನ್ನು ಮುಂದೆ ಜಾಸ್ತಿಯಾಗುತ್ತವೆ.

ಈಗ ಆ ಸುದ್ದಿಗಳ ವಿಚಾರ. ನಿವೃತ್ತಿ ಎನ್ನುವುದು ನಿಮ್ಮ ಬ್ಯಾಚಿನಲ್ಲಿ ಎಲ್ಲರಿಗೂ ಒಂದೇ ದಿನ ಬಂದಿಲ್ಲ. ಸೇನೆಯಲ್ಲಿ ಕರ್ನಲ್ ಆದವರು 54ಕ್ಕೇ ಸಮವಸ್ತ್ರ ಕಳಚಬೇಕು. ಬ್ರಿಗೇಡಿಯರ್ ಆದರೆ 56. ನಿಮ್ಮಂಥ ಸರ್ಕಾರಿ ನೌಕರರಿಗೆ 60, ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 62. ಸ್ವಂತ ಕ್ಲಿನಿಕ್ ಇಟ್ಟ ಡಾಕ್ಟರಿಗೆ ನಿವೃತ್ತಿಯೇ ಇಲ್ಲ. ನಿಮ್ಮ ಕರ್ನಲ್ ಗೆಳೆಯರು ಹತ್ತು ವರ್ಷದ ಹಿಂದೆಯೇ ಈ ಪೆಟ್ಟು ತಿಂದು, ಮತ್ತೆ ಎದ್ದು, ಈಗ ನೆಮ್ಮದಿಯಿಂದ ಫೋಟೋ ಹಾಕುತ್ತಿರಬಹುದು. ಪೆಟ್ಟು ಎಂದು ಬೇಕೆಂದೇ ಬರೆದೆ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಅಮೆರಿಕದ ವೈದ್ಯರು ಬದುಕಿನ 43 ಘಟನೆಗಳು ಮನುಷ್ಯನಿಗೆ ಎಷ್ಟು ಒತ್ತಡ ತರುತ್ತವೆಂದು ಅಂಕ ಕೊಟ್ಟು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100, ಮದುವೆಗೆ 50, ನಿವೃತ್ತಿಗೆ 45. ನಿಮಗೆ ನಿವೃತ್ತಿಯಾಗಿ ಒಂದು ವರ್ಷಕ್ಕೆ ಹೆಂಡತಿ ಹಾಸಿಗೆ ಹಿಡಿದರು. ನಂತರ ಮಗಳ ಮದುವೆ ಮುರಿಯಿತು. ಇಷ್ಟೂ ಒಂದರ ಹಿಂದೊಂದು ಬಂದಾಗ ನೀವು ಯಾರಿಗೂ ಹೇಳದೆ ನಿಂತಿದ್ದೀರಿ. ನಿಮ್ಮಿಂದ ಏನೋ ಕೊರತೆಯಾಗಿದೆ ಎಂಬ ಧಾಟಿ ಪತ್ರದಲ್ಲಿದೆ. ನಾನು ಓದಿದ್ದು ಹಾಗಲ್ಲ. ಒಬ್ಬ ಮನುಷ್ಯ ಹೊರಬಹುದಾದ ಭಾರಕ್ಕಿಂತ ಜಾಸ್ತಿ ಹೊತ್ತಿದ್ದೀರಿ.

ಇನ್ನು ನ್ಯೂಜೆರ್ಸಿಯ ಮಗನ ವಿಚಾರ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ತಂದೆತಾಯಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಅನುಮತಿ ಸಿಗುತ್ತದೆ. ಅಂಥ ಎಷ್ಟೋ ಜನ ವಾಪಸ್ ಬಂದ ಮೇಲೆ ನನ್ನೆದುರು ಕೂತು ಮಾತಾಡಿದ್ದಾರೆ. ನಯಾಗರದ ಮುಂದೆ ನಿಂತ ಫೋಟೋ ಗುಂಪಿಗೆ ಬಂದಿರುತ್ತದೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಕಿಟಕಿಯಲ್ಲಿ ಹಿಮ ನೋಡುತ್ತಾ ಕೂತದ್ದು, ಕಾರು ಓಡಿಸಲು ಬಾರದೆ ಹಾಲು ತರಲೂ ಇನ್ನೊಬ್ಬರಿಗೆ ಕಾದದ್ದು, ಮೊಮ್ಮಗಳ ಇಂಗ್ಲಿಷು ಅರ್ಥವಾಗದೆ ಪೆಚ್ಚಾದದ್ದು ಬಂದಿರುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನ್ನ ಮಾತಿನ ಅರ್ಥ ಅಲ್ಲ. ನಯಾಗರ ನೋಡಿ ಅವರಿಗೆ ನಿಜವಾಗಿ ಖುಷಿಯಾಗಿದೆ, ಅದನ್ನು ಹಳೆಯ ಗೆಳೆಯರಿಗೆ ತೋರಿಸಬೇಕು ಅನಿಸಿದೆ. ಅವರ ಖುಷಿ ನಿಮ್ಮನ್ನು ಚುಚ್ಚಲು ಬಂದದ್ದಲ್ಲ. ಆದರೆ ಅದು ಅವರ ಬದುಕಿನ ಒಂದು ಮೂಲೆ ಮಾತ್ರ. ಅದನ್ನು ನಿಮ್ಮ ಇಡೀ ಬದುಕಿನ ಪಕ್ಕ ಇಟ್ಟು ತೂಗಬೇಡಿ. 'ನಿಮ್ಮ ಮೊಮ್ಮಗನಾದರೂ ಕಣ್ಣೆದುರೇ ಇದ್ದಾನಲ್ಲ' ಎಂದು ಸಮಾಧಾನ ಹೇಳುವವರು ಸಿಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆ ಹುಡುಗ ನಿಮ್ಮ ಮನೆಯಲ್ಲಿರುವುದಕ್ಕೆ ಕಾರಣ ಮಗಳ ದುಃಖ ಎಂದು ನಿಮಗೆ ಪ್ರತಿದಿನ ಗೊತ್ತು.

ಇಷ್ಟಾದರೂ ಈ ಗೆಳೆಯರು ನಿಮಗೆ ಬೇಕು. ಯಾಕೆಂದು ಹೇಳುತ್ತೇನೆ. ವಯಸ್ಸಾದವರಿಗೆ ಬದುಕಿನ ನೆನಪುಗಳನ್ನು ಹೇಳಲು ಕೇಳಿದರೆ ತೀರಾ ಇತ್ತೀಚಿನವನ್ನು ಬಿಟ್ಟರೆ ಹತ್ತರಿಂದ ಮೂವತ್ತರ ನಡುವಿನವೇ ಹೆಚ್ಚು ಬರುತ್ತವೆ. ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ನಿಮ್ಮ ಆ ಕಾಲದ ಮೊದಲ ಏಳು ವರ್ಷಕ್ಕೆ ಸಾಕ್ಷಿ ಇರುವವರು ಅವರೇ. ನಿಮ್ಮ ಹುದ್ದೆ, ಸಂಬಳ, ಮಗಳ ಮದುವೆ ಯಾವುದೂ ಇಲ್ಲದಿದ್ದಾಗಿನ ನಿಮ್ಮನ್ನು ಅವರು ಬಲ್ಲರು. ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆದಾಗ ಪಕ್ಕದ ಮಂಚದಿಂದ ಎದ್ದವರು ಅವರು. ಇದಕ್ಕೆ ಇನ್ನೊಂದು ಮುಖವೂ ಇದೆ. 2010ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗೆ ನೋಡಿದರು. ಒಳ್ಳೆಯ ಸಂಬಂಧಗಳ ನಡುವೆ ಇರುವವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ, ಒಂಟಿಯಾಗಿರುವವರಿಗಿಂತ ಶೇಕಡ 50ರಷ್ಟು ಹೆಚ್ಚಾಗಿತ್ತು. ರೋಗಿಯ ಆರೈಕೆಯಲ್ಲಿ ಮನೆಯೊಳಗೇ ಉಳಿದುಹೋದ ನಿಮಗೆ ಇದು ಮೈಯ ಆರೋಗ್ಯದ ಪ್ರಶ್ನೆಯೂ ಹೌದು.

ಹಾಗಾದರೆ ಹೇಗೆ ಹೇಳುವುದು? ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ. ಕನಿಷ್ಠ ಈಗಲೇ ಬೇಡ. ಮೂರು ವರ್ಷದ ಸುದ್ದಿಯನ್ನು ಒಮ್ಮೆಲೇ ಗುಂಪಿಗೆ ಬರೆದರೆ ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತವೆ. ಆಮೇಲೆ ಕೇರಳದ ಎಣ್ಣೆ, ಯಾವುದೋ ಊರಿನ ನಾಟಿ ವೈದ್ಯರ ನಂಬರು. ಅದರ ಹಿಂದೆಯೇ ಯಾರದೋ ಹುಟ್ಟುಹಬ್ಬ. ಅವರಿಗೆ ಮನಸ್ಸಿಲ್ಲ ಅಂತಲ್ಲ, ಗುಂಪಿನಲ್ಲಿ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ನಿಮಗೆ ಮಾತ್ರ ಅಷ್ಟೆಲ್ಲ ಹೇಳಿ ಇಷ್ಟೇನಾ ಅನಿಸುತ್ತದೆ.

ಒಬ್ಬರನ್ನು ಆರಿಸಿ. ದೊಡ್ಡ ಹುದ್ದೆಯಲ್ಲಿದ್ದವರೋ ಗುಂಪಿನಲ್ಲಿ ಜಾಸ್ತಿ ಮಾತಾಡುವವರೋ ಆಗಬೇಕಿಲ್ಲ. ಆಗ ನಿಮ್ಮ ಪಕ್ಕ ಮಲಗುತ್ತಿದ್ದವರು, ರಜೆಗೆ ಒಟ್ಟಿಗೆ ರೈಲು ಹತ್ತುತ್ತಿದ್ದವರು, ನೀವು ಅತ್ತಾಗ ನಗದೇ ಇದ್ದವರು, ಹೀಗೆ ಯೋಚಿಸಿ. ಹೆಸರೊಂದು ತಾನೇ ಬರುತ್ತದೆ. ಅವರಿಗೆ ಮೆಸೇಜು ಬೇಡ, ಫೋನ್ ಮಾಡಿ. ಹೆಂಡತಿ ಮಧ್ಯಾಹ್ನ ಮಲಗಿದಾಗ ಮಾಡಿ, ಯಾರಾದರೂ ಕೇಳಿಸಿಕೊಂಡಾರು ಎಂಬ ಅಂಜಿಕೆ ಇರಬಾರದು. ಮಾತು ನಿಮ್ಮ ಆಗಿನ ಮಾತಿನಲ್ಲೇ ಇರಲಿ. 'ಲೇ, ಮೂರು ವರ್ಷ ಆತು, ನಮ್ಮ ಮನ್ಯಾಗ ಆಕೀಗೆ ಅರಾಮಿಲ್ಲ. ಲಕ್ವಾ ಹೊಡದೈತಿ. ಯಾರಿಗೂ ಹೇಳಿಲ್ಲ. ಏನೂ ಸಲಹೆ ಕೊಡಬ್ಯಾಡ, ಸುಮ್ನ ಕೇಳು.' ಇಷ್ಟು ಹೇಳಿದರೆ ಸಾಕು. ಕೊನೆಯ ಮಾತನ್ನು ಮಾತ್ರ ಬಿಡಬೇಡಿ. ನಿಮ್ಮ ವಯಸ್ಸಿನ ಗಂಡಸರಿಗೆ ಕಷ್ಟ ಕೇಳಿದ ಕೂಡಲೇ ದಾರಿ ತೋರಿಸಬೇಕು ಅನಿಸುತ್ತದೆ. ಬೇಡ ಅಂದರೆ ಅವರೂ ನಿರಾಳವಾಗಿ ಕೇಳುತ್ತಾರೆ. ಆ ಕಡೆಯಿಂದಲೂ ಏನಾದರೂ ಬರಬಹುದು. ಮೂವತ್ತು ನಲವತ್ತು ಜನ ಇರುವ, 64 ವಯಸ್ಸಿನ ಒಂದು ಬ್ಯಾಚಿನಲ್ಲಿ ಹಾಸಿಗೆ ಹಿಡಿದ ಹೆಂಡತಿ ನಿಮಗೊಬ್ಬರಿಗೇ ಇರಲಿಕ್ಕಿಲ್ಲ. ಸಕ್ಕರೆ ಕಾಯಿಲೆ, ಬೈಪಾಸ್, ಮಾತು ಬಿಟ್ಟ ಮಗ, ಸಾಲದಲ್ಲಿ ಮುಳುಗಿದ ಅಳಿಯ ಇವೆಲ್ಲ ಆ ಫೋಟೋಗಳ ಹಿಂದೆ ಎಲ್ಲೋ ಇವೆ.

ಮಗಳ ವಿಚಾರ ಬೇರೆ. ಹೆಂಡತಿಯ ಕಾಯಿಲೆ ನೀವು ಹೇಳಬಹುದಾದ ಸುದ್ದಿ. ಮಗಳ ಮದುವೆ ಅವಳ ಸುದ್ದಿ. ಯಾರಿಗೆ, ಎಷ್ಟು ಹೇಳಬೇಕೆಂದು ಅವಳನ್ನು ಕೇಳಿಯೇ ಬಾಯಿ ಬಿಡಿ. 'ಮಗಳು, ಮೊಮ್ಮಗ ಸದ್ಯ ನಮ್ಮ ಜೊತೆಗಿದ್ದಾರೆ' ಎಂಬಷ್ಟು ಸತ್ಯವೂ ಹೌದು, ಸಾಕೂ ಹೌದು.

ಇನ್ನು ಹೋಗುವುದೋ ಬೇಡವೋ. ಹೋಗಿ. ಆದರೆ ಮೂರು ದಿನಕ್ಕಲ್ಲ. ಶಾಲೆಯಲ್ಲಿ ಕೂಡುವ ಮೊದಲ ದಿನ, ಒಂದು ರಾತ್ರಿ, ಅಷ್ಟೇ. ಹಂಪಿ ಎಲ್ಲಿಗೂ ಹೋಗುವುದಿಲ್ಲ. ಪ್ರವಾಸದ ದಿನಗಳಲ್ಲಿ ಬಸ್ಸು, ಹೋಟೆಲು, ಊಟದ ಗಡಿಬಿಡಿಯೇ ಹೆಚ್ಚು. ಮಾತು ನಡೆಯುವುದು ಶಾಲೆಯ ಅಂಗಳದಲ್ಲಿ, ಹಳೆಯ ಊಟದ ಮನೆಯಲ್ಲಿ. ಖರ್ಚೂ ಆಗ ಕಡಿಮೆ. ಸಂಘಟಕರಿಗೆ ಒಂದು ದಿನದ ಪಾಲು ಎಷ್ಟೆಂದು ಕೇಳಿ, ಅಷ್ಟನ್ನೇ ಕೊಡಿ. ಇದರಲ್ಲಿ ಮುಜುಗರದ್ದೇನೂ ಇಲ್ಲ. ಮನೆಯಲ್ಲಿ ಆರೈಕೆ ಇರುವವರು ಒಂದು ದಿನಕ್ಕೆ ಬರುವುದು ಸಹಜ.

ಹೊರಡುವ ಮೊದಲು ಹೆಂಡತಿಯನ್ನು ಕೇಳಿ. ಮಾತು ತಡವರಿಸುತ್ತದೆ ಅಂದಿರಿ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಮೈಯ ಬಲಭಾಗ ಸೋಲುತ್ತದೆ, ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಇರುವುದೂ ಆ ಎಡಭಾಗದಲ್ಲೇ. ಮಾತು ಹೊರಡದಿದ್ದರೂ ಇಂಥ ಎಷ್ಟೋ ಜನರಿಗೆ ಹೇಳಿದ್ದು ಅರ್ಥವಾಗುತ್ತದೆ. ಹೌದು, ಇಲ್ಲ ಎಂದು ತಲೆಯಾಡಿಸಿ ಉತ್ತರ ಕೊಡುವಂತೆ ಕೇಳಿ, ಅವಸರ ಮಾಡಬೇಡಿ. ನಿಮ್ಮ ಗೆಳೆಯರಿಗೆ ತನ್ನ ಕಾಯಿಲೆಯ ವಿಷಯ ಹೇಳುವುದು ಅವರಿಗೆ ಸರಿಯೇ ಎಂದೂ ಕೇಳಿ. ಮೂರು ವರ್ಷದಿಂದ ಅವರ ಬಗ್ಗೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿರುತ್ತಾರೆ. ಇದೊಂದನ್ನು ಅವರು ತೀರ್ಮಾನಿಸಲಿ.

ಡಿಸೆಂಬರಿಗೆ ಮುಂಚೆ ಒಂದು ರಾತ್ರಿ ಹತ್ತಿರದ ನೆಂಟರ ಮನೆಯಲ್ಲಿ ಉಳಿದು ನೋಡಿ. ಆ ರಾತ್ರಿ ಮಗಳಿಗೆ ಎಲ್ಲಿ ಕಷ್ಟವಾಯಿತು ಎಂದು ಮರುದಿನ ಗೊತ್ತಾಗುತ್ತದೆ. ಹಾಸಿಗೆಯಿಂದ ಎಬ್ಬಿಸಿ ಶೌಚಕ್ಕೆ ಕರೆದುಕೊಂಡು ಹೋಗುವುದೇ ಸಾಮಾನ್ಯವಾಗಿ ಕಷ್ಟ. ಅದಕ್ಕೆ ಎರಡು ದಿನದ ಮಟ್ಟಿಗೆ ಹೋಮ್ ನರ್ಸ್ ಒಬ್ಬರನ್ನು ಕರೆಸಿ. ಮಾತ್ರೆ ಯಾವುದು, ಎಷ್ಟು ಹೊತ್ತಿಗೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಒಮ್ಮೆ ಪಾರ್ಶ್ವವಾಯು ಆದವರಿಗೆ ಮತ್ತೆ ಆಗುವ ಅಪಾಯ ಬೇರೆಯವರಿಗಿಂತ ಹೆಚ್ಚು. ಹಾಗಾಗಿ ಮಗಳಿಗೆ ಲಕ್ಷಣ ಗೊತ್ತಿರಲಿ: ಬಾಯಿ ಹೊಸದಾಗಿ ಒಂದು ಕಡೆ ಸೊಟ್ಟಗಾಗುವುದು, ಚೆನ್ನಾಗಿದ್ದ ಕೈ ಇದ್ದಕ್ಕಿದ್ದಂತೆ ಎತ್ತಲಾಗದಿರುವುದು, ಇದ್ದ ಮಾತೂ ನಿಲ್ಲುವುದು. ಹೀಗಾದರೆ ನಿಮಗೆ ಫೋನ್ ಮಾಡುವ ಮೊದಲು 108ಕ್ಕೆ ಮಾಡಲಿ. ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಊರಿನಲ್ಲಿ ರಾತ್ರಿಯೂ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿ, ಆ ಹೆಸರನ್ನೂ ಗೋಡೆಯ ಮೇಲೆ ಬರೆದಿಡಿ.

ನೀವು ನಿಮ್ಮ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಿದ್ದೆ ಹೇಗಿದೆ? ಊಟ ಸೇರುತ್ತಿದೆಯಾ? ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಯಾವುದೂ ಬೇಡ ಅನಿಸುವುದು ಎರಡು ವಾರ ದಾಟಿದರೆ ಡಾಕ್ಟರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ದುಡ್ಡಿಲ್ಲ.

ಈಗ ಆ ಒಬ್ಬನ ಮಾತು. ಏನು ಮಾಡಿದ ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಐವತ್ತು ವರ್ಷ ಕಳೆದರೂ ಪತ್ರದ ಕೊನೆಗೆ ಅವನು ಬಂದಿದ್ದಾನೆ, ಅಂದರೆ ಆ ನೋವು ಚಿಕ್ಕದಲ್ಲ. ಅವನೂ ಆಗ ಮನೆ ಬಿಟ್ಟು ಬಂದ ಹುಡುಗ, ಅವನಿಗೂ ಯಾರೋ ಹೊಡೆದಿರಬಹುದು. ಇದು ನಿಜವೇ. ಇದರಿಂದ ನಿಮ್ಮ ನೋವು ಕಡಿಮೆಯಾಗಬೇಕೆಂದೇನೂ ಇಲ್ಲ. 'ಹಳೆಯದೆಲ್ಲ ಮರೆತುಬಿಡು, ಈಗ ವಯಸ್ಸಾಯ್ತು' ಎನ್ನುವ ಗೆಳೆಯರು ಸಿಗುತ್ತಾರೆ. ಮರೆಯುವ ಹಂಗು ನಿಮಗಿಲ್ಲ. ಕ್ಷಮಿಸಲೇಬೇಕು ಎಂಬ ನಿಯಮವೂ ಇಲ್ಲ. ಅವನು ಗುಂಪಿನಲ್ಲಿ ಅಷ್ಟು ಪ್ರೀತಿ ತೋರಿಸುವುದಕ್ಕೆ ಎರಡು ಕಾರಣ ಇರಬಹುದು. ಅವನಿಗೆ ಆಗಿನದು ನೆನಪೇ ಇಲ್ಲ, ಅಥವಾ ಬಹಳ ಚೆನ್ನಾಗಿ ನೆನಪಿದೆ. ಹೊಡೆದವರು ಅದನ್ನು ತಮಾಷೆ ಎಂದು ನೆನಪಿಟ್ಟಿರುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಹಾಗಾಗಿ ಎಲ್ಲರೆದುರು ಅವನು ನಿಮ್ಮ ಅಡ್ಡಹೆಸರು ಹಿಡಿದು ಕೂಗಿ ನಗುವ ಸಾಧ್ಯತೆ ಇದೆ. ಅದಕ್ಕೆ ಸಿದ್ಧವಾಗಿ ಹೋಗಿ. 'ಅದು ನನಗೆ ಆಗಲೂ ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ' ಎಂದು ದನಿ ಏರಿಸದೆ ಹೇಳಿ, ಬೇರೆಯವರ ಕಡೆ ತಿರುಗಿ ಮಾತು ಮುಂದುವರಿಸಿ. ನೀವು ಫೋನ್ ಮಾಡುವ ಆ ಒಬ್ಬ ಗೆಳೆಯರಿಗೆ ಈ ವಿಷಯವೂ ಗೊತ್ತಿರಲಿ. ಅವರ ಕೋಣೆಯಲ್ಲೇ ಉಳಿಯಿರಿ, ಊಟಕ್ಕೂ ಅವರ ಪಕ್ಕ ಕೂರಿ. ರಾತ್ರಿ ಕುಡಿಯುತ್ತಾ ಕೂತಲ್ಲಿ ಹಳೆಯ ಲೆಕ್ಕ ತೆಗೆಯಬೇಡಿ, ಅಂಥ ಹೊತ್ತಿನಲ್ಲಿ ಕೇಳಿದ ಕ್ಷಮೆಯೂ ಬೆಳಿಗ್ಗೆಗೆ ಉಳಿಯುವುದಿಲ್ಲ. ಅವನೇ ಬೇರೆ ಕರೆದು ತಪ್ಪಾಯ್ತು ಎಂದರೆ ಕೇಳಿಸಿಕೊಳ್ಳಿ. ಪರವಾಗಿಲ್ಲ ಎನ್ನಲು ಮನಸ್ಸು ಬಾರದಿದ್ದರೆ 'ಹೇಳಿದ್ದು ಒಳ್ಳೆಯದಾಯ್ತು' ಎಂದಷ್ಟೇ ಹೇಳಿ. ಅವನೊಬ್ಬನಿಗೋಸ್ಕರ ಉಳಿದವರನ್ನು ನೋಡದೇ ಇರುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೆ ಡಿಸೆಂಬರ್ ಹತ್ತಿರ ಬಂದಂತೆ ಅವನ ಹೆಸರು ಕಂಡರೇ ಎದೆ ಹೊಡೆದುಕೊಳ್ಳುತ್ತದೆ ಎಂದಾದರೆ ಹೋಗಬೇಡಿ. ಇಷ್ಟವಾದ ಮೂರು ನಾಲ್ಕು ಜನರನ್ನು ಸಂಕ್ರಾಂತಿ ಹೊತ್ತಿಗೆ ನಿಮ್ಮ ಮನೆಗೇ ಕರೆಯಿರಿ. ರೊಟ್ಟಿ, ಎಣ್ಣೆಗಾಯಿ ಮಾಡಿಸಿ. ನಿಮ್ಮ ಹೆಂಡತಿಯೂ ಅವರನ್ನು ನೋಡಿದಂತಾಗುತ್ತದೆ.

ನಿಮ್ಮ ಸಂಘಟಕರಿಗೂ ಸ್ವಲ್ಪ ಹೇಳಬೇಕು, ಈ ಉತ್ತರವನ್ನು ಹೆಸರಿಲ್ಲದೆ ಅವರಿಗೆ ಕಳಿಸಿದರೂ ಆಗುತ್ತದೆ. ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಬೇಕು, 64ರ ಮಂಡಿಗಳಿಗೆ ಅದು ಸುಲಭವಲ್ಲ. ಪಟ್ಟದಕಲ್ಲಿನ ಗುಡಿಗಳು ಸಮತಟ್ಟು ಜಾಗದಲ್ಲಿವೆ, ಅಲ್ಲಿ ಹೆಚ್ಚು ಹೊತ್ತು ಇಡಿ. ಹಂಪಿಯ ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಇದೆ. ಕೆಳಗಿನ ಮಹಡಿಯ ಕೋಣೆ ಬೇಕೆನ್ನುವವರನ್ನು ಮೊದಲೇ ಕೇಳಿ. ದುಡ್ಡು ಯಾರು ಕೊಟ್ಟರು, ಯಾರದು ಬಾಕಿ ಎಂಬ ಪಟ್ಟಿಯನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ. ಒಬ್ಬರ ಖಾತೆಗೆ ಬರಲಿ, ಅವರಿಗೆ ಮಾತ್ರ ಗೊತ್ತಿರಲಿ, ಹೆಚ್ಚು ಕೊಡಬಲ್ಲವರು ಸದ್ದಿಲ್ಲದೆ ಕೊಡಲಿ. ತೀರಿಹೋದ ಗೆಳೆಯರ ಹೆಂಡತಿಯರನ್ನೂ ಕರೆಯಿರಿ. ಕುಟುಂಬ ಪಿಂಚಣಿ ಸರಿಯಾಗಿ ಬರುತ್ತಿದೆಯಾ, ನವೆಂಬರಿನ ಜೀವಿತ ಪ್ರಮಾಣಪತ್ರ ಕೊಟ್ಟಾಯಿತಾ ಎಂದು ಅವರನ್ನು ಕೇಳುವವರು ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ನಿಮ್ಮ ಬ್ಯಾಚಿನಲ್ಲಿ ಬ್ಯಾಂಕಿನವರಿದ್ದಾರೆ, ಸೈನ್ಯದವರಿದ್ದಾರೆ, ಸರ್ಕಾರಿ ಕಚೇರಿ ಬಲ್ಲ ನೀವಿದ್ದೀರಿ. ಒಬ್ಬೊಬ್ಬರು ಒಂದೊಂದು ಮನೆಯ ಕಾಗದಪತ್ರ ನೋಡಿಕೊಂಡರೆ ಸಾಕು. ಪಿಂಚಣಿ ಕಾಗದದ ಕೆಲಸ ನಿಮಗೆ ಗೊತ್ತಿದ್ದರೆ ಆ ಜವಾಬ್ದಾರಿ ನಾನು ತೆಗೆದುಕೊಳ್ಳುತ್ತೇನೆ ಎಂದು ಗುಂಪಿನಲ್ಲಿ ಬರೆಯಿರಿ. ಹುಟ್ಟುಹಬ್ಬದ ಶುಭಾಶಯ ಬಿಟ್ಟು ನೀವು ಅಲ್ಲಿ ಬರೆಯುವ ಮೊದಲ ಮಾತು ಅದೇ ಆದರೂ ಆಗಬಹುದು.